ನಿದ್ದೆ ಬರದಿದ್ದರೆ ಕಾಲಿಗೆ ಬಿಸಿನೀರು
ಮಲಗುವ ಒಂದು ಗಂಟೆ ಮುಂಚೆ 40 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಕಣಕಾಲು ಮುಳುಗುವಷ್ಟು ಕಾಲಿಟ್ಟು 10-15 ನಿಮಿಷ ಕೂತುಕೊಳ್ಳಿ. ಜಪಾನಿನಲ್ಲಿ ಇದನ್ನು ಆಶಿಯು ಅನ್ನುತ್ತಾರೆ. ಕುಸಾತ್ಸುವಿನಂಥ ಬಿಸಿನೀರ ಬುಗ್ಗೆಗಳ ಊರಲ್ಲಿ ಬೀದಿಯಲ್ಲೇ ಪುಕ್ಕಟೆ ಸಿಗುತ್ತದೆ! ಬಿಸಿಗೆ ಪಾದದ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲಿಗೆ ಜಾಸ್ತಿ ಹರಿಯುತ್ತದೆ. ಕಾಲು ನೀರಿನಿಂದ ತೆಗೆದ ಮೇಲೆ ಮೈಯ ಒಳಗಿನ ಕಾವು ಪಾದದ ಮೂಲಕ ಹೊರಗೆ ಹೋಗುತ್ತದೆ. ಒಳಗಿನ ಕಾವು ಇಳಿದರೆ ತಾನೇ ನಿದ್ದೆ ಹತ್ತುವುದು? ನೀರು ಆರಿದರೆ ಸ್ವಲ್ಪ ಸ್ವಲ್ಪ ಬಿಸಿನೀರು ಸೇರಿಸಿ, ಆದರೆ ಕಾಲು ಹೊರಗೆ ತೆಗೆದು ಸೇರಿಸಿ. ಆಮೇಲೆ ಬೆರಳ ಸಂದಿಯನ್ನೂ ಒರೆಸಿ. ಕಾಫಿ ಕುಡಿದು, ಮೊಬೈಲ್ ಹಿಡಿದು ಕೂತರೆ ಸುಮ್ನೆ ನೀರು ದಂಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಕಾಲಲ್ಲಿ ಗಾಯ ಇದ್ದವರಿಗೆ ಇದು ಬೇಡವೇ ಬೇಡ. ಜೋಮು ಹಿಡಿದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.