ಮಳೆಗಾಲಕ್ಕೆ 17, ಬೇಸಿಗೆಗೆ 18: ನನ್ನ ಅನುಭವ

ನಮ್ಮಲ್ಲಿ ಮಳೆಗಾಲ ಬಂತು ಅಂದ್ರೆ ಎಲ್ರೂ ಚಪ್ಪಲ್ ಬದಲಾಯಿಸ್ತಾರೆ, ಚರ್ಮದ್ದು ಅಟ್ಟಕ್ಕೆ ಹೋಗ್ತದೆ ರಬ್ಬರಿಂದು ಕೆಳಗಿಳೀತದೆ, ಅದಕ್ಕೆ ಯಾರೂ ನಗಲ್ಲ. ಕಾರಿಗೆ ಅದನ್ನೇ ಮಾಡ್ತೇನೆ, ಮಳೆಗಾಲಕ್ಕೆ 17 ಇಂಚಿನ ಚಕ್ರ, ಬೇಸಿಗೆಗೆ 18 ಇಂಚಿಂದು ಅಂದಿದ್ದಕ್ಕೆ ಮಾತ್ರ ಶಿರಸಿಲಿ ನಗದವರಿಲ್ಲ. ಭಾವ ಅಂತೂ "ಕಾರಿಗೆ ಕಂಬಳಿಕೊಪ್ಪೆನೂ ಹಾಕ್ತ್ಯನ?" ಅಂತ ಕೇಳಿದ್ದ. ಈಗ ಎರಡು ಮಳೆಗಾಲ ಕಳೀತು, ಒಂದೇ ಒಂದು ರಿಮ್ ಬೆಂಡ್ ಆಗಿಲ್ಲ, ಹಂಗಾಗಿ ಸ್ವಲ್ಪ ಜಂಬದಿಂದ್ಲೇ ಬರೀತಿದೀನಿ.

ಗಾಡಿ ಬಿಎಂಡಬ್ಲ್ಯೂ 328ಐ, ಎಫ್30 ಮಾಡೆಲ್, ಸೆಕೆಂಡ್ ಹ್ಯಾಂಡ್. ಮೊದಲಿನ ಓನರ್ 18 ಇಂಚಿನ ಸ್ಟ್ಯಾಗರ್ಡ್ ಸೆಟ್, ಅಂದ್ರೆ ಮುಂದಿಗಿಂತ ಹಿಂದೆ ಅಗಲ ಟೈರ್ ಇರೋದು, ಹಾಕಿಟ್ಟಿದ್ದ, ಮುಂದೆ 225/45, ಹಿಂದೆ 255/40 (ಮೊದಲಿಂದು ಟೈರಿನ ಅಗಲ ಮಿಮೀಲಿ, ಎರಡನೇದು ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ಆ ಅಗಲದ ಎಷ್ಟು ಪರ್ಸೆಂಟ್ ಎತ್ತರ ಅಂತ), ನಾಲ್ಕೂ ರನ್‌ಫ್ಲಾಟ್, ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡೋ ಗಟ್ಟಿ ಸೈಡ್‌ವಾಲಿನ ಟೈರ್. ನೋಡೋಕೆ ಅದ್ರಪ್ಪನಂಗಿತ್ತು. ನಂದು ವಾರಕ್ಕೊಂದ್ಸಲ ಶಿರಸಿಯಿಂದ ಕಾರವಾರಕ್ಕೆ ಓಡಾಟ, ದೇವಿಮನೆ ಘಾಟ್ ಇಳಿದು ಕುಮಟಾ, ಅಲ್ಲಿಂದ ಹೈವೇ ಹಿಡಿದು ಅಂಕೋಲಾ ಮೇಲೆ. ಮೊದಲನೇ ಮಳೆಗಾಲದಲ್ಲೇ ಘಾಟಲ್ಲಿ ನೀರು ತುಂಬಿದ ಹೊಂಡ ಕಾಣದೇ ಹಿಂದಿನ ಎಡಗಡೆ ರಿಮ್ ಬೆಂಡು, ಸೀದಾ ಮಾಡ್ಸೋಕೆ ಹುಬ್ಬಳ್ಳಿಗೆ ಹೋಗಿ ಎರಡೂವರೆ ಸಾವಿರ ಕೊಟ್ಟೆ. ಮುಂದಿನ ತಿಂಗಳು ಮತ್ತೆ ಅದೇ ಮೂಲೆ, ಈ ಸಲ ರಿಮ್ ಜೊತೆ ಟೈರ್ ಸೈಡ್‌ವಾಲೂ ಉಬ್ಬಿ ಬಂತು. ಹಿಂದಿನ ರನ್‌ಫ್ಲಾಟ್ ಒಂದಕ್ಕೇ 26 ಸಾವಿರ ಹತ್ರ ಬಿತ್ತು. ಕ್ವಿಂಟಲ್‌ಗೆ ಐವತ್ತು ಸಾವಿರ ಚಿಲ್ಲರೆ ಬರೋ ಅಡಿಕೆ ವರ್ಷದಲ್ಲಿ ಅರ್ಧ ಕ್ವಿಂಟಲ್ ಒಂದು ಟೈರಿಗೆ ಹೋಯ್ತು ಅಂತ ಲೆಕ್ಕ.

ರಿಮ್ ಹಾಳಾಗಿದ್ದಕ್ಕಿಂತ ಹೆದರಿಸಿದ್ದು ಹೈವೇ. ಅಂಕೋಲಾ ಕಡೆ ಮಳೆ ಸುರಿಯೋವಾಗ ರಸ್ತೆ ಮೇಲೆ ನೀರು ಹಾಳೆ ಥರ ನಿಂತಿರ್ತದಲ್ಲ, 80ರಲ್ಲಿ ಹಿಂದಿನ ಚಕ್ರ ಎರಡೂ ತೇಲಿ ಕಾರಿನ ಬಾಲ ಸಣ್ಣಗೆ ಪಕ್ಕಕ್ಕೆ ಹೋಯ್ತು, ರಿಯರ್ ವೀಲ್ ಡ್ರೈವ್ ಗಾಡಿ, ಸ್ಟೇರಿಂಗಲ್ಲಿ ಏನೂ ಗೊತ್ತಾಗಲ್ಲ ಸೀಟಿನ ಕೆಳಗೆ ಮಾತ್ರ ಗೊತ್ತಾಗ್ತದೆ. ಪಕ್ಕದಲ್ಲಿ ಅಮ್ಮ ಇದ್ಲು, ಅವಳಿಗೆ ಗೊತ್ತೇ ಆಗ್ಲಿಲ್ಲ, ನಂಗೆ ಮಾತ್ರ ಕುಮಟಾವರೆಗೂ ಬಾಯಿ ಒಣಗಿತ್ತು.

ಜರ್ಮನಿಲಿರೋ ಕಸಿನ್ ಹತ್ರ ಹೇಳ್ದೆ. ಅಲ್ಲಿ ಎರಡು ಸೆಟ್ ಇಟ್ಕೊಳೋದು ಮಾಮೂಲಿ ಅಂತೆ, ಅಕ್ಟೋಬರಿಂದ ಈಸ್ಟರ್‌ವರೆಗೆ ವಿಂಟರ್ ಸೆಟ್, ಆಮೇಲೆ ಸಮ್ಮರ್ ಸೆಟ್, ಟೆಂಪರೇಚರ್ 7 ಡಿಗ್ರಿ ಕೆಳಗೆ ಬಂದ್ರೆ ಸಮ್ಮರ್ ರಬ್ಬರ್ ಗಟ್ಟಿಯಾಗ್ತದೆ ಅಂತ. ಅವನ ಚಳಿಗಾಲದ ಸೆಟ್ ಒಂದಿಂಚು ಸಣ್ಣ ರಿಮ್, ನಾಲ್ಕೂ ಒಂದೇ ಅಗಲ. ಅಲ್ಲೇ ನನ್ನ ತಲೆ ಓಡಿದ್ದು. ಅವನು ವಿಂಟರ್ ಟೈರೇ ಕಳಿಸ್ಲಾ ಅಂದ, ಬೇಡ ಅಂದೆ. ನಮ್ಮ ಮಳೆ 25 ಡಿಗ್ರಿ ಮಳೆ, ಆ ಮೆತ್ತನೆ ರಬ್ಬರ್ ಇಲ್ಲಿ ಬೆಲ್ಲದ ಥರ ಕರಗ್ತದೆ. ಅವರ ಸೈಜ್ ತಗೋಬೇಕು, ರಬ್ಬರ್ ನಮ್ಮ ಮಾಮೂಲಿದೇ ಇರ್ಲಿ. ನನ್ನ ಇಡೀ ಐಡಿಯಾ ಇಷ್ಟೇ.

ಇಷ್ಟು ಗೊತ್ತಾದ ಮೇಲೂ ಎರಡು ಸಲ ಮಂಗ ಆದೆ. ಮೊದಲು 16 ಇಂಚಿಗೆ ಇಳಿದ್ರೆ ಇನ್ನೂ ಒಳ್ಳೇದಲ್ವಾ ಅಂತ ಗೆಳೆಯನ ಹತ್ರ ಬೇರೆ ಕಂಪನಿ ಅಲಾಯ್ ಒಂದು ಸೆಟ್ ಕೇಳಿ ತಂದೆ. ಮುಂದಿನ ಚಕ್ರ ಕೂತ್ಕೊಳ್ತು, ಕೈಯಲ್ಲಿ ತಿರುಗಿಸಿದ್ರೆ ಕಿರ್ರ್. ಸ್ಪೋಕಿನ ಒಳಭಾಗ ಬ್ರೇಕ್ ಕ್ಯಾಲಿಪರಿಗೆ ತಾಗ್ತಿತ್ತು. ಖರ್ಚೇನಿಲ್ಲ ಬಿಡಿ, ಅವನಿಗೊಂದು ಊಟ.

ಎರಡನೇದು ದುಬಾರಿ. ಬೆಂಗಳೂರಲ್ಲಿ ಒಬ್ಬ "ಒರಿಜಿನಲ್ ಬಿಎಂಡಬ್ಲ್ಯೂ 17 ಸಾರ್, 5x120, ಕಣ್ಮುಚ್ಚಿ ಹಾಕಿ" ಅಂತ ಕೊಟ್ಟ, ನಾನೂ ಹಂಗೇ ಕಣ್ಮುಚ್ಚಿ 40 ಸಾವಿರ ಎಣಿಸ್ದೆ. ಪಿಸಿಡಿ, ಅಂದ್ರೆ ಎಷ್ಟು ಬೋಲ್ಟು, ಅವು ಕೂರೋ ವೃತ್ತದ ವ್ಯಾಸ ಎಷ್ಟು ಅನ್ನೋದು (ಆ 5x120), ಸರಿನೇ. ಆದ್ರೆ ಅದು ಹಳೇ ಇ39 5 ಸೀರೀಸಿಂದು, ಸೆಂಟರ್ ಬೋರ್, ಅಂದ್ರೆ ರಿಮ್ ನಡುವಿನ ತೂತು, 74.1 ಮಿಮೀ, ಅದು ಕೂರೋ ನಮ್ಮ ಹಬ್ 72.6. ಒಂದೂವರೆ ಮಿಲಿಮೀಟರ್ ಆಟ, ಹೈವೇಲಿ 90 ದಾಟಿದ ತಕ್ಷಣ ಸ್ಟೇರಿಂಗ್ ಗಿರಣಿ ಥರ ನಡುಗೋದು. ಬ್ಯಾಲೆನ್ಸಿಂಗ್ ಮೂರು ಸಲ ಮಾಡಿಸಿದೆ, ವ್ಹೀಲ್ ಮಷಿನ್ ಮೇಲೆ ಸೊನ್ನೆ ತೋರಿಸ್ತದೆ, ಗಾಡಿ ಮೇಲೆ ನಡುಗ್ತದೆ. ಕೊನೆಗೆ ಆ ಸಂದಿ ತುಂಬೋ ಹಬ್ ರಿಂಗ್ ತರಿಸಿ ಹಾಕಿದೆ, ನಡುಕ ನಿಂತ್ತು. ಆಮೇಲೆ ಆಫ್‌ಸೆಟ್ (ಹಬ್ಬಿಗೆ ಕೂರೋ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಮೀ ಹೊರಗಿದೆ ಅನ್ನೋದು, ಇಟಿ ಅಂತ ಬರೀತಾರೆ) ಕಾಟ ಶುರು, ಅದು ಇಟಿ20, ನಮಗೆ ಬೇಕಾಗಿದ್ದು ಇಟಿ37, ಚಕ್ರ 17 ಮಿಲಿಮೀಟರ್ ಹೊರಗೆ ಬಂದು ಘಾಟಿನ ಪ್ರತಿ ತಿರುವಲ್ಲೂ ಫೆಂಡರ್ ಕೆರೆಯೋದು. 22 ಸಾವಿರಕ್ಕೆ ಮಾರಿ ಕೈ ತೊಳ್ಕೊಂಡೆ. ಪಿಸಿಡಿ ಒಂದೇ ಕೇಳಿ ವೀಲ್ ತಗೊಳೋದು ಅಂದ್ರೆ ಗೋತ್ರ ಕೇಳದೇ ಜಾತಕ ಕೂಡಿಸಿದ ಹಾಗೆ.

ಮೂರನೇ ಸಲ ಸರಿಯಾದ್ದು ಸಿಗ್ತು, ಎಫ್30ದ್ದೇ 17x7.5 (ರಿಮ್ ಅಗಲ ಏಳೂವರೆ ಇಂಚು) ಇಟಿ37, ಯಾರೋ 19ಕ್ಕೆ ಹೋದವರು ಬಿಚ್ಚಿಟ್ಟಿದ್ದು, 45 ಸಾವಿರದ ಆಸುಪಾಸು. ಅದಕ್ಕೆ 225/50 ಆರ್17, ನಾಲ್ಕೂ ಒಂದೇ, ರನ್‌ಫ್ಲಾಟ್ ಅಲ್ಲ, ಉದ್ದುದ್ದ ಆಳದ ಗ್ರೂವ್ ಇರೋ ಪ್ಯಾಟರ್ನ್, ಸುಮಾರು 54 ಸಾವಿರ. ಒಂದು ಲಕ್ಷ ಆಯ್ತಲ್ಲ ಅಂತ ಹೆಂಡ್ತಿ ಕೇಳಿದ್ಲು, ಇಲ್ಲ 99 ಅಂದೆ.

ಸೈಡ್‌ವಾಲ್ ಲೆಕ್ಕ ಹಾಕಿದ್ರೆ 101 ಮಿಮೀ ಇದ್ದಿದ್ದು 112 ಆಗ್ತದೆ ಅಷ್ಟೇ, ಒಂದು ಸೆಂಟಿಮೀಟರಿಗೆ ಇಷ್ಟೆಲ್ಲಾ ಯಾಕೆ ಅಂತ ಗ್ಯಾರೇಜಲ್ಲಿ ನಕ್ಕರು. ಆ ಒಂದು ಸೆಂಟಿಮೀಟರ್ ಜೊತೆ ರನ್‌ಫ್ಲಾಟಿನ ಕಲ್ಲಿನಂಥ ಸೈಡ್‌ವಾಲ್ ಹೋಯ್ತಲ್ಲ, ಅದು ಲೆಕ್ಕಕ್ಕೆ ಬರಲ್ವ? ಮನೇಲಿ ಅಡಿಕೆ ತೂಗೋ ಕಾಟಾ ಮೇಲೆ ಎರಡೂ ಇಟ್ಟು ನೋಡ್ದೆ, ಹಿಂದಿನ 18 ಟೈರ್ ಸಮೇತ 25 ಕೆಜಿ ಹತ್ರ, 17 ಇಪ್ಪತ್ತೂವರೆ. ಹೊರಗಿನ ಒಟ್ಟು ವ್ಯಾಸ ಒಂದು ಪರ್ಸೆಂಟ್ ಒಳಗೇ ವ್ಯತ್ಯಾಸ, ಸ್ಪೀಡೋಮೀಟರ್ ಚಿಂತೆ ಇಲ್ಲ.

ಅಷ್ಟಕ್ಕೇ ಬಿಡದೇ ಇನ್ನೊಂದು ಹುಚ್ಚಾಟ ಮಾಡಿದೆ. ಅಂಗಳದಲ್ಲಿ ಕೆಮ್ಮಣ್ಣು ಕಲಸಿ ಟೈರಿಗೆ ಬಳಿದು, ಜ್ಯಾಕಿಂದ ಹಳೇ ಪೇಪರ್ ಮೇಲೆ ಇಳಿಸಿ ಅಚ್ಚು ತೆಗೆದೆ. 255ರದ್ದು ಅಡ್ಡಕ್ಕೆ ಅಗಲ, ಉದ್ದ ಗಿಡ್ಡ. 225ರದ್ದು ಕಿರಿದು, ಉದ್ದ ಜಾಸ್ತಿ. ವಿಸ್ತೀರ್ಣ ಹೆಚ್ಚುಕಮ್ಮಿ ಒಂದೇ, ಗಾಳಿ ಒಂದೇ ಇದ್ರೆ ಹತ್ರಹತ್ರ ಒಂದೇ ಇರ್ತದೆ. ಅಗಲದ್ದು ನೀರನ್ನ ದೋಣಿ ತಳದ ಥರ ತಳ್ತದೆ, ಕಿರಿದಾಗಿದ್ದು ನೇಗಿಲಿನ ಹಾಗೆ ಸೀಳ್ತದೆ. ಅಪ್ಪ ಜಗಲಿಲಿ ಕೂತು ಎಲೆ ಮೆಲ್ಲುತ್ತಾ ನೋಡಿದ, ಏನೂ ಹೇಳ್ಲಿಲ್ಲ, ಆ ಪೇಪರ್‌ಗಳನ್ನ ಮಾತ್ರ ಬಚ್ಚಲ ಒಲೆಗೆ ಹಾಕ್ಬಿಟ್ಟ. ಟೈರಿಗೆ ಗಾಳಿ ಬದಲು ನೈಟ್ರೋಜನ್ನೂ ಒಂದು ಸೀಸನ್ ಹಾಕ್ಸಿ ನೋಡ್ದೆ, ದುಡ್ಡು ದಂಡ.

ಬದಲಾಯಿಸೋದು ಯಾವಾಗ ಅಂದ್ರೆ ಪಂಚಾಂಗನೇ ನೋಡ್ತೀನಿ. ರೋಹಿಣಿ ಮಳೆ ಹುಟ್ಟೋ ಹೊತ್ತಿಗೆ, ಅಂದ್ರೆ ಮೇ 25ರ ಆಸುಪಾಸು 17 ಹತ್ತತದೆ, ಮೃಗಶಿರಕ್ಕೆ ಕಾಯಲ್ಲ. ಚಿತ್ತಾ ಮಳೆ ಮುಗಿದು ದೀಪಾವಳಿ ಹತ್ರ ಬಂದ ಮೇಲೆ 18. ಮನೇಲೇ ಮಾಡ್ತೀನಿ, ಬೋಲ್ಟ್ 140 ನ್ಯೂಟನ್ ಮೀಟರ್, ಟಾರ್ಕ್ ರೆಂಚ್ ಇಲ್ದೇ ಕೈ ಹಾಕ್ಬೇಡಿ, ನೂರು ಕಿಮೀ ಓಡಿದ ಮೇಲೆ ಮತ್ತೊಂದ್ಸಲ ಚೆಕ್. ಕಾರವಾರದ ಉಪ್ಪುಗಾಳಿಗೆ ಮೊದಲ ವರ್ಷ ವೀಲ್ ಹಬ್ಬಿಗೆ ಕಚ್ಕೊಂಡು ಒದ್ದು ಒದ್ದು ಬಿಡಿಸ್ಬೇಕಾಯ್ತು. ಈಗ ಅಲ್ಲಿಗೆ ಒಂದು ಸಾಮಾನು ತೆಳ್ಳಗೆ ಹಚ್ತೀನಿ, ಮಾಡಿದ್ದು ನಾನೇ, ಅದೇನು ಅಂತ ಮಾತ್ರ ಕೇಳ್ಬೇಡಿ. ಮಳೆಗಾಲದ ಗಾಳಿ ಪ್ರೆಶರ್ ನಂಬರೂ ಹೇಳಲ್ಲ, ಬಾಗಿಲಿನ ಸ್ಟಿಕ್ಕರಿಂದ ಶುರು ಮಾಡಿ ನೀವೇ ಹುಡುಕಿ, ನಂಗೆ ಮೂರು ತಿಂಗಳು ಹಿಡೀತು.

ರನ್‌ಫ್ಲಾಟ್ ಇಲ್ಲದ್ದಕ್ಕೆ ಡಿಕ್ಕಿಲಿ ಕಂಪ್ರೆಸರ್, ಪಂಕ್ಚರ್ ಕಿಟ್ ಇದೆ. ಎರಡು ವರ್ಷದಲ್ಲಿ ಒಂದೇ ಸಲ ಬಳಸಿದ್ದು, ಯಾಣ ಕ್ರಾಸ್ ದಾಟಿ ಒಂದು ಮೊಳೆ. ಜಿಗಣೆ ಕಾಲಿಗೆ ಹತ್ತಿದ್ದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

17ರ ಸೆಟ್ಟಲ್ಲಿ ಇನ್ನೂ 5 ಮಿಮೀ ಮೇಲೆ ಗ್ರೂವ್ ಇದೆ, ನಾಲ್ಕೂ ಒಂದೇ ಆದ್ದರಿಂದ ಹಿಂದು ಮುಂದು ಬದಲಾಯಿಸ್ತಾ ಹೋಗ್ಬಹುದು, ಸ್ಟ್ಯಾಗರ್ಡಲ್ಲಿ ಆ ಸುಖ ಇಲ್ಲ. ಕಾನೂನು 1.6 ಅಂತದೆ, ದೇವಿಮನೆ ಘಾಟಿಗೆ ಆ ಕಾನೂನು ಗೊತ್ತಿಲ್ಲ, 4ಕ್ಕೆ ಬಂದ್ರೆ ನಾನು ಎತ್ತಿಡ್ತೀನಿ. ಅಟ್ಟದಲ್ಲಿರೋ 18ರದ್ದು ಹಿಂದಿನ ಎರಡು ಮುಗೀತಾ ಬಂದಿದೆ. ಮತ್ತೆ 255ಕ್ಕೇ ದುಡ್ಡು ಸುರೀಬೇಕಾ, ಅದೇ 8.5 ಇಂಚು ಅಗಲದ ರಿಮ್ಮಿಗೆ 225/45 ಹಾಕಿ ಬೇಸಿಗೆಗೂ ಒಂದೇ ಅಗಲ ಮಾಡ್ಬೇಕಾ ಅಂತ ತಲೆಲಿ ಓಡ್ತಿದೆ. ಭಾವ ಮೊನ್ನೆ ಅವನ ಗಾಡಿ ಪಿಸಿಡಿ ಎಷ್ಟು ಅಂತ ಕೇಳ್ದ. ಸೆಂಟರ್ ಬೋರ್ ಮೊದಲು ಅಳೆದು ಬಾ ಅಂದಿದೀನಿ.