ಎಪಿಐಗೆ ಹೋಗುವ ಸಂಖ್ಯೆಯಲ್ಲಿ ಅಲ್ಪವಿರಾಮ ನುಸುಳಿದರೆ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುವ ಎಪಿಐ ಕರೆ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕಳಿಸುವ ಕೋರಿಕೆ) ಕೆಲವೇ ಬಳಕೆದಾರರಿಗೆ 400 ಎರರ್, ಅಂದರೆ ಕೋರಿಕೆಯೇ ತಪ್ಪಾಗಿದೆ ಎಂಬ ಉತ್ತರ, ಕೊಡುತ್ತಿದ್ದರೆ, ಕೋಡ್ ಕೆದಕುವ ಮೊದಲು ಹೊರಟ ಯುಆರ್‌ಎಲ್ ನೋಡಿ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ರಿಕ್ವೆಸ್ಟ್ ಒತ್ತಿದರೆ ಸಾಕು. 125000 ಇರಬೇಕಾದ ಕಡೆ 1,25,000 ಇದೆಯೇ? ಹಾಗಿದ್ದರೆ ಯಾರೋ ತೆರೆಯ ಮೇಲೆ ತೋರಿಸಲೆಂದು ಟುಲೊಕೇಲ್‌ಸ್ಟ್ರಿಂಗ್ (ಸಂಖ್ಯೆಯನ್ನು ಬಳಕೆದಾರರ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್, ಪ್ರಕಾರ ಬರೆಯುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಹಾಕಿ, ಅದೇ ಸ್ಟ್ರಿಂಗನ್ನು, ಅಂದರೆ ಪಠ್ಯವನ್ನು, ಸರ್ವರ್‌ಗೂ ಕಳಿಸಿದ್ದಾರೆ.

ಎರರ್ ಬಂದರೆ ಪುಣ್ಯ. ಪಠ್ಯವನ್ನು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ 1,25,000 ಅನ್ನು ಮೊದಲ ಅಲ್ಪವಿರಾಮದವರೆಗೆ ಮಾತ್ರ ಓದಿ, ತುಟಿಪಿಟಿಕ್ಕೆನ್ನದೆ 1 ಕೊಡುತ್ತದೆ. ಓದಲು ನಂಬರ್ ಫಂಕ್ಷನ್ ಬಳಸಿ. ಅದು ನ್ಯಾನ್ (‘ಸಂಖ್ಯೆಯಲ್ಲ’ ಎಂಬ ಸೂಚನೆ) ಕೊಡುವುದರಿಂದ ತಪ್ಪು ಅಲ್ಲೇ ಸಿಗುತ್ತದೆ.

ನಕ್ಷೆಯ ಎಪಿಐಗಳಲ್ಲಿ ಪಾಡು ಬೇರೆ. ಜರ್ಮನ್ ಲೊಕೇಲ್‌ನಲ್ಲಿ ದಶಮಾಂಶ ಚುಕ್ಕೆಯ ಜಾಗಕ್ಕೆ ಅಲ್ಪವಿರಾಮ ಬರುತ್ತದೆ. ಬೆಂಗಳೂರಿನ 12.9716,77.5946 ಆಗ 12,9716,77,5946 ಆಗಿ, ಎರಡು ಸಂಖ್ಯೆ ನಾಲ್ಕಾಗುತ್ತವೆ. ಸಿ ಶಾರ್ಪ್‌ನಲ್ಲಿ ಟುಸ್ಟ್ರಿಂಗ್‌ಗೆ ಇನ್‌ವೇರಿಯಂಟ್ ಕಲ್ಚರ್ ಕೊಡಿ; ಜಾವಾದ ಸ್ಟ್ರಿಂಗ್ ಫಾರ್ಮ್ಯಾಟ್‌ಗೆ ಲೊಕೇಲ್ ರೂಟ್ ಕೊಡಿ. ಇವೆರಡೂ ಯಾವ ದೇಶಕ್ಕೂ ಸೇರದ ತಟಸ್ಥ ಸೆಟ್ಟಿಂಗ್‌ಗಳು. ಪಿಎಚ್‌ಪಿ 8.0ಕ್ಕಿಂತ ಹಳೆಯದಾದರೆ ಫ್ಲೋಟನ್ನು (ದಶಮಾಂಶ ಸಂಖ್ಯೆಯನ್ನು) ಸ್ಟ್ರಿಂಗ್ ಮಾಡುವಾಗಲೇ ಲೊಕೇಲ್ ಅಡ್ಡ ಬರುತ್ತದೆ.

ಕನ್ನಡ ಅಂಕಿಗಳದು ಇನ್ನೊಂದು ತಮಾಷೆ. ಬಳಕೆದಾರರು ೧೨ ಎಂದು ಟೈಪಿಸಿದರೆ ಪೈಥಾನ್‌ನ ಇಂಟ್ ಅದನ್ನು 12 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಆದ್ದರಿಂದ ಫಾರ್ಮ್‌ನಿಂದ ಬಂದದ್ದನ್ನು ಕಳಿಸುವ ಮೊದಲೇ 0–9ಕ್ಕೆ ಬದಲಿಸಿಬಿಡಿ.

ತೀರಾ ಚಿಕ್ಕ ಸಂಖ್ಯೆಗಳನ್ನೂ ಗಮನಿಸಿ: 0.0000001 ಅನ್ನು ಜಾವಾಸ್ಕ್ರಿಪ್ಟ್ 1e-7 ಎಂದು ಘಾತಾಂಕ ರೂಪದಲ್ಲಿ ಬರೆಯುತ್ತದೆ. ಅಕ್ಷಾಂಶ-ರೇಖಾಂಶಕ್ಕೆ ಟುಫಿಕ್ಸ್ಡ್ 6 ಹಾಕಿ, ಅದು ಚುಕ್ಕೆಯ ನಂತರ ಆರೇ ಅಂಕಿ ಬರೆಯುತ್ತದೆ. ಆರು ದಶಮಾಂಶವೆಂದರೆ ಸುಮಾರು 11 ಸೆಂಟಿಮೀಟರ್ ನಿಖರತೆ. ಐಡಿಗಳು (ಗುರುತಿನ ಸಂಖ್ಯೆಗಳು) ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿದಿಡುವ ಮಿತಿಯಾದ 9007199254740991 ದಾಟಿದರೆ ಕೊನೆಯ ಅಂಕಿ ಬದಲಾಗಬಹುದು, ಅವನ್ನು ಮೊದಲಿಂದ ಕೊನೆವರೆಗೂ ಸ್ಟ್ರಿಂಗ್ ಆಗಿಯೇ ಇಡಿ.

ಹಣವನ್ನು ಪೈಸೆಯಲ್ಲಿ ಕೇಳುವ ಎಪಿಐಗೆ 19.99ನ್ನು 100ರಿಂದ ಗುಣಿಸಿದರೆ 1998.9999999999998 ಬರುತ್ತದೆ. ಅದನ್ನು ಕೆಳಕ್ಕೆ ಕತ್ತರಿಸಿದರೆ ಒಂದು ಪೈಸೆ ಹೋಯಿತು! ರೌಂಡ್ ಮಾಡಿ, ಇಲ್ಲವೇ ಮೊದಲಿನಿಂದಲೇ ಪೈಸೆಯಲ್ಲಿ ಲೆಕ್ಕ ಇಡಿ.

ತಿದ್ದಿದ ಮೇಲೆ ಯಂತ್ರದ ಲೊಕೇಲನ್ನು ಜರ್ಮನ್‌ಗೆ ಬದಲಿಸಿ, 1234.5 ಕಳಿಸಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಅದೇ 1234.5 ಕಾಣುತ್ತದೆಯೇ ನೋಡಿ.