ಯಾವ ಕೋಡಿ? ಕಡಲ ರಕ್ಷಣಾ ಠಾಣೆಗಾಗಿ ಆಕ್ಷೇಪಣೆ ಬರೆಯುವ ಬಗೆ

ಊರಿನ ಕಡಲ ರಕ್ಷಣಾ ಠಾಣೆಯನ್ನು ಮುಚ್ಚಿ ಕೆಲಸವನ್ನೆಲ್ಲ ಒಂದೇ ಕೇಂದ್ರಕ್ಕೆ ಒಪ್ಪಿಸುವ ಪ್ರಸ್ತಾಪ ಯಾವಾಗ ಬಂದರೂ, ಆ ಕಡತ ಬೆಂಗಳೂರಿಗೆ ಬಂದೇ ಬರುತ್ತದೆ. ಕರಾವಳಿಯಲ್ಲಿ ಹುಟ್ಟಿ ಇಲ್ಲಿ ನೆಲೆ ನಿಂತ ನಾವು ಆಗ ಸುಮ್ಮನಿರಬಾರದು. ನಾನು ಕುಂದಾಪುರದ ಬಳಿಯ ಗಂಗೊಳ್ಳಿಯವನು, ಇಪ್ಪತ್ತೆರಡು ವರ್ಷಗಳಿಂದ ವಿಜಯನಗರದಲ್ಲಿದ್ದೇನೆ.

ಒಂದು ಆಷಾಢದ ಸಂಜೆ ಅಣ್ಣನ ನಾಡದೋಣಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿತು. ಅತ್ತಿಗೆಯ ಫೋನ್ ಬಂದ ಕೂಡಲೇ ತುರ್ತು ಸಂಖ್ಯೆಯೊಂದಕ್ಕೆ ಕರೆ ಮಾಡಿ, ‘ಕೋಡಿ ಕಡೆಯ ದಂಡೆಗೆ ಹತ್ತಿರ’ ಎಂದೆ. ‘ಯಾವ ಕೋಡಿ?’ ಎಂದರು. ಕೇಳಿದ್ದು ತಪ್ಪಲ್ಲ. ಕುಂದಾಪುರದ ಕೋಡಿ ಇದೆ, ಕೋಡಿ ಕನ್ಯಾನ ಇದೆ, ಕೋಡಿ ಬೆಂಗ್ರೆಯೂ ಇದೆ. ಪಡುಕೆರೆ ಎಂದರೆ ಮಲ್ಪೆಯದೂ ಆಗಬಹುದು, ಕೋಟದ್ದೂ ಆಗಬಹುದು. ನಾನು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ದೋಣಿಯವರು ಅಣ್ಣನನ್ನು ಎಳೆದುಕೊಂಡಿದ್ದರು. ಆ ದೋಣಿ ಅಲ್ಲಿ ಇಲ್ಲದಿದ್ದರೆ ಎಂಬ ಯೋಚನೆ ಇಂದಿಗೂ ನಿದ್ದೆ ಕೆಡಿಸುತ್ತದೆ.

ಆದ್ದರಿಂದ ಆಕ್ಷೇಪಣೆಗೆ ಮೊದಲು ಹೆಸರುಗಳ ಪಟ್ಟಿ ಮಾಡಿ. ಊರಿಗೆ ಹೋದಾಗ ಹಿರಿಯ ಮೀನುಗಾರರೊಂದಿಗೆ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಬಂಡೆ, ಮರಳುದಿಬ್ಬ, ಅಳಿವೆಯ ಕವಲು, ಒಂದೊಂದಕ್ಕೂ ಅವರು ಕರೆಯುವ ಹೆಸರು ಬರೆದುಕೊಳ್ಳಿ. ಅದೇ ಹೆಸರು ಬೇರೆಲ್ಲಿ ಇದೆ, ಇಳಿತದ ಹೊತ್ತಿನಲ್ಲಿ ಅಲ್ಲಿ ದೋಣಿ ಸಾಗುತ್ತದೆಯೇ, ದಡಕ್ಕೆ ಆಂಬುಲೆನ್ಸ್ ಬರುವ ದಾರಿ ಯಾವುದು ಎಂಬುದೂ ಇರಲಿ. ಅವರು ಆಡಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಪತ್ರ ಓದುವ ಅಧಿಕಾರಿ ಬೆಂಗಳೂರಿನವರು. ಅವರಿಗಾಗಿ ಒಂದು ಸಾಲು ಸೇರಿಸಿ: ‘ಎರಡನೇ ಅಡ್ಡರಸ್ತೆ’ ಎಂದಷ್ಟೇ ಹೇಳಿದರೆ ಇಲ್ಲಿಯೂ ಯಾವ ಬಡಾವಣೆ ಎಂದು ಕೇಳಬೇಕಲ್ಲವೇ? ಕಡಲಿನಲ್ಲಿ ಫಲಕಗಳೂ ಇಲ್ಲ.

ಇದೇ ಮಾತನ್ನು ಬ್ರಿಟನ್ನಿನ ಕರಾವಳಿಯವರೂ ಆಡಿದ್ದರು. 2010ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಕರೆ ಸ್ವೀಕರಿಸಿ ನೆರವು ಕಳಿಸುವ 18 ಕೋಸ್ಟ್‌ಗಾರ್ಡ್ ಸಮನ್ವಯ ಕೇಂದ್ರಗಳನ್ನು ಎಂಟಕ್ಕೆ ಇಳಿಸಿ, ಮೂರನ್ನು ಮಾತ್ರ ಹಗಲಿರುಳು ನಡೆಸುವ ಯೋಜನೆ ಮುಂದಿಟ್ಟಿತು. ತಮ್ಮ ಗೇಲಿಕ್ ಭಾಷೆಯ ಸ್ಥಳನಾಮಗಳು ದೂರದವರಿಗೆ ತಿಳಿಯುವುದಿಲ್ಲ ಎಂದು ಸ್ಕಾಟ್ಲೆಂಡಿನ ದ್ವೀಪದವರು ವಾದಿಸಿದರು. 2011ರ ಜುಲೈನಲ್ಲಿ ಯೋಜನೆ ಬದಲಾಯಿತು. ಉಳಿಸಿಕೊಂಡ ಕೇಂದ್ರಗಳೆಲ್ಲ ಹಗಲಿರುಳು ನಡೆಯುವಂತಾಯಿತು. ಆ ದ್ವೀಪಗಳಲ್ಲಿನ ಸ್ಟಾರ್ನೋವೆ, ಶೆಟ್‌ಲ್ಯಾಂಡ್ ಎರಡೂ ಉಳಿದವು. ಆದರೆ ಸ್ಕಾಟ್ಲೆಂಡಿನದೇ ಕ್ಲೈಡ್, ಫೋರ್ತ್ ಕೇಂದ್ರಗಳು 2012ರಲ್ಲಿ ಮುಚ್ಚಿದವು.

ಪತ್ರದಲ್ಲಿ ಒಂದು ವಿವೇಕ ಬೇಕು. ಕರೆ ಸ್ವೀಕರಿಸುವ ಕೊಠಡಿ ಬೇರೆ, ದೋಣಿ ಹೊರಡುವ ಠಾಣೆ ಬೇರೆ. 112 ಆಗಲಿ, ಕೋಸ್ಟ್‌ಗಾರ್ಡಿನ 1554 ಆಗಲಿ, ಒಂದೇ ಸಂಖ್ಯೆ ಇರುವುದು ಒಳ್ಳೆಯದೇ. ಅದನ್ನು ವಿರೋಧಿಸಿದರೆ ನಮ್ಮ ವಾದ ಸೋಲುತ್ತದೆ. ದೋಣಿಯೂ ಅಳಿವೆ ಬಲ್ಲ ಸಿಬ್ಬಂದಿಯೂ ಅಲ್ಲೇ ಇರಲಿ ಎಂದು ಕೇಳಿ, ಲೆಕ್ಕ ಕೊಡಿ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಇರುವ ಮಲ್ಪೆಯಿಂದ ಗಂಗೊಳ್ಳಿಗೆ ಕಡಲ ದಾರಿ ಸುಮಾರು 30 ಕಿ.ಮೀ. 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ವೇಗದ ದೋಣಿಗೂ ಶಾಂತ ಕಡಲಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಜೂನ್, ಜುಲೈನಲ್ಲಿ ಯಂತ್ರದ ದೋಣಿಗಳಿಗೆ ನಿಷೇಧವಿದ್ದಾಗಲೂ ನಾಡದೋಣಿಗಳು ಇಳಿಯುತ್ತವೆ. ಆಗ ಕಡಲು ಶಾಂತವಾಗಿರುವುದಿಲ್ಲ.

ಅಂಕಿಅಂಶಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನನ್ನ ಸಲಹೆಯೆಂದರೆ ಒಂದೇ ಪ್ರಶ್ನೆ ಕೇಳಿ: ಮೂರು ವರ್ಷಗಳಲ್ಲಿ ಬಂದ ಕರೆಗಳು, ಪ್ರತಿ ಕರೆಗೆ ದೋಣಿ ಹೊರಟ ಸಮಯ, ತಿಂಗಳುವಾರು.

ಪತ್ರ ಎರಡು ಪುಟ ಮೀರದಿರಲಿ, ಹೆಸರುಗಳ ಪಟ್ಟಿ ಅನುಬಂಧವಾಗಲಿ. ಒಳಾಡಳಿತ ಇಲಾಖೆಗೆ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಊರಿನ ಶಾಸಕರಿಗೆ. ಸಹಿಗಳು ಬೇಕಿದ್ದರೆ ಶುಕ್ರವಾರ ರಾತ್ರಿ ಆನಂದರಾವ್ ವೃತ್ತಕ್ಕೆ ಹೋಗಿ. ಕುಂದಾಪುರದ ಬಸ್ಸಿಗೆ ಕಾಯುವವರಲ್ಲಿ ಅಳಿವೆಯನ್ನು ಕಂಡವರು ಬೇಕಾದಷ್ಟು ಜನ ಸಿಗುತ್ತಾರೆ.